ಪಟ್ಟಣದ ವಕೀಲ, ಪ್ಯಾರಿಸ್ಸಿನ ಕುಂಚ

ನಮ್ಮ ತಾತ ಕಡೆಯವರೆಗೂ ‘ಪಾಂಡವಪುರ’ ಎಂದವರಲ್ಲ. ಮಾಕವಳ್ಳಿಯಿಂದ ಕೆ.ಆರ್. ಪೇಟೆಗೆ ಬಂದು ಮುಂದಿನ ಬಸ್ಸು ಹತ್ತಿದರೆ ಕಂಡಕ್ಟರಿಗೆ ‘ಫ್ರೆಂಚ್‌ರಾಕ್ಸು, ಒಂದೂವರೆ’ ಎನ್ನುವರು. ಆ ಅರ್ಧ ಟಿಕೀಟು ನನ್ನದು. ಕಂಡಕ್ಟರನೂ ಮರುಮಾತಾಡದೆ ಟಿಕೀಟು ಹರಿದು ಕೊಡುವನು. ಹಿರೋಡೆ ಎಂಬುದು ಆ ಊರಿಗೆ ಇನ್ನೂ ಹಳೆಯ ಹೆಸರು. ಹೈದರಾಲಿ, ಟಿಪ್ಪು ಇವರ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳ ದಂಡು ಅಲ್ಲಿನ ಬಂಡೆಗಳ ಬುಡದಲ್ಲಿ ಬೀಡುಬಿಟ್ಟಿತ್ತು. ಆಮೇಲೆ ಬಂದ ಇಂಗ್ಲಿಷರು ಆ ಜಾಗವನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ದಂಡು ಹೋಯಿತು, ಇಂಗ್ಲಿಷರೂ ಹೋದರು, ಹೆಸರು ಮಾತ್ರ ನಮ್ಮ ಹಿರಿಯರ ಬಾಯಲ್ಲಿ ಉಳಿಯಿತು. ಕುಂತಿಬೆಟ್ಟದ ಕಥೆ ಹಿಡಿದು ಪಾಂಡವಪುರ ಎಂಬ ಹೆಸರು ಬಂದದ್ದು ಎಲ್ಲಕ್ಕಿಂತ ಈಚೆಗೆ.

ಒಮ್ಮೆ ಬಸ್ಸಿನಲ್ಲಿ ತಾತನನ್ನು ಕೇಳಿದ್ದೆ: ‘ಫ್ರೆಂಚರು ಅಲ್ಲಿಂದ ಇಲ್ಲಿಗೆ ಬಂದರು, ಸರಿ. ಇಲ್ಲಿಂದ ಯಾರಾದರೂ ಅಲ್ಲಿಗೆ ಹೋಗಿದ್ದರಾ ತಾತ?’ ತಾತ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತ ಸುಮ್ಮನಿದ್ದರು. ಉತ್ತರ ನನಗೆ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ, ಒಂದು ವರ್ಣಚಿತ್ರದ ಅಚ್ಚುಪ್ರತಿಯಲ್ಲಿ.

ಅದು ಆಳೆತ್ತರದ ಎಣ್ಣೆಬಣ್ಣದ ಚಿತ್ರ. ಎತ್ತರ ಏಳು ಅಡಿಗೂ ಮಿಗಿಲು, ಅಗಲ ಸುಮಾರು ನಾಲ್ಕೂವರೆ ಅಡಿ. ತಲೆಗೆ ಪೇಟ, ಗಡ್ಡ, ಹೂಬಳ್ಳಿಯ ಕಸೂತಿಯಿದ್ದ ಬಿಳಿಯ ಮಲ್‌ಮಲ್ ನಿಲುವಂಗಿ, ಕೈಯಲ್ಲಿ ಬಾಗುಕತ್ತಿಯ ಹಿಡಿ. ಗಟ್ಟಿ ಮೈಕಟ್ಟಿನ ಈ ಮನುಷ್ಯ ನಿಂತಿರುವ ಭಂಗಿಗೆ ನಾವು ತಲೆಯೆತ್ತಿ ನೋಡಬೇಕು. ಹೆಸರು ಮಹಮ್ಮದ್ ದರ್ವೇಶ್ ಖಾನ್. ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನ ಫ್ರಾನ್ಸಿನ ದೊರೆಯ ಬಳಿಗೆ ಕಳಿಸಿದ ಮೂವರು ವಕೀಲರಲ್ಲಿ ಒಬ್ಬ. ಆ ಕಾಲದಲ್ಲಿ ರಾಯಭಾರಿಯನ್ನು ವಕೀಲ ಎನ್ನುತ್ತಿದ್ದರು. ಚಿತ್ರ ಬರೆದದ್ದು 1788ರಲ್ಲಿ, ಪ್ಯಾರಿಸ್ಸಿನಲ್ಲಿ. ಬರೆದವಳು ಎಲಿಸಬೆತ್ ವಿಜೆ ಲೆಬ್ರನ್, ಆಗ ಮೂವತ್ತಮೂರು ವರ್ಷದವಳು, ಫ್ರಾನ್ಸಿನ ರಾಣಿಯ ಅಚ್ಚುಮೆಚ್ಚಿನ ಚಿತ್ರಕಾರ್ತಿ.

ಟಿಪ್ಪುವಿನ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಒಂದೇ ಮಾತಿಲ್ಲ. ಗಂಜಾಮಿನ ನೆನಪು ಒಂದಾದರೆ ಮೇಲುಕೋಟೆಯ ನೆನಪು ಇನ್ನೊಂದು, ಎರಡೂ ನಮ್ಮವೇ. ಇಲ್ಲಿ ಆ ವಾದಕ್ಕೆ ನಾನು ಇಳಿಯುವುದಿಲ್ಲ. ನನ್ನ ಕಣ್ಣು ಚಿತ್ರದ ಮೇಲಿದೆ.

ಈ ವಕೀಲರು ಅಷ್ಟು ದೂರ ಹೋದದ್ದೇಕೆ? ಹೈದರಾಲಿ 1782ರಲ್ಲಿ ತೀರಿಕೊಂಡಾಗ ಇಂಗ್ಲಿಷರ ಮೇಲಿನ ಯುದ್ಧ ನಡೆದೇ ಇತ್ತು, ಫ್ರೆಂಚರು ಮೈಸೂರಿನ ಪಕ್ಷದಲ್ಲಿದ್ದರು. ಮರುವರ್ಷ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಯುರೋಪಿನಲ್ಲಿ ಇಂಗ್ಲೆಂಡು, ಫ್ರಾನ್ಸು ಕೈಕುಲುಕಿಕೊಂಡ ಸುದ್ದಿ ಬಂತು. ಜೊತೆಗಿದ್ದ ಫ್ರೆಂಚ್ ಪಡೆ ಕೋವಿ ಕೆಳಗಿಟ್ಟು ಬದಿಗೆ ಸರಿಯಿತು. 1784ರ ಮಾರ್ಚಿನಲ್ಲಿ ಟಿಪ್ಪುವೂ ಮಂಗಳೂರಿನ ಒಪ್ಪಂದಕ್ಕೆ ಸಹಿ ಹಾಕಿದ. ಆದರೆ ಆ ದಿನದ ಕಹಿ ಅವನಿಗೆ ಒಂದು ಪಾಠ ಕಲಿಸಿತ್ತು: ಪಾಂಡಿಚೇರಿಯ ಅಧಿಕಾರಿಗಳ ಮಾತು ನಂಬಿ ಕೂತರೆ ಆಗದು, ದೊರೆಯ ಬಾಯಿಂದಲೇ ಮಾತು ತರಬೇಕು.

1787ರ ಜುಲೈನಲ್ಲಿ ಮೂವರು ವಕೀಲರು ಪಾಂಡಿಚೇರಿಯಲ್ಲಿ ಫ್ರೆಂಚ್ ಹಡಗು ಹತ್ತಿದರು. ದರ್ವೇಶ್ ಖಾನನ ಜೊತೆ ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್. ಇಂದಿನ ಮಾರಿಷಸ್ ಮುಟ್ಟಿ, ಆಫ್ರಿಕಾದ ತುದಿ ಸುತ್ತಿ ಫ್ರಾನ್ಸಿನ ತೂಲಾನ್ ಬಂದರು ಸೇರುವ ಹೊತ್ತಿಗೆ 1788ರ ಜೂನ್ ಆಗಿತ್ತು. ಹನ್ನೊಂದು ತಿಂಗಳ ಪಯಣ. ಟಿಪ್ಪುವಿಗೆ ಬೇಕಿದ್ದದ್ದು ಇಂಗ್ಲಿಷರ ವಿರುದ್ಧ ಸೇನೆಯ ನೆರವು. ಅದರ ಜೊತೆಗೆ ಕುಶಲಕರ್ಮಿಗಳು, ವೈದ್ಯರು, ಗಿಡಗಳು, ಬೀಜಗಳು. ಯುದ್ಧ ಕೇಳಲು ಹೋದವರ ಪಟ್ಟಿಯಲ್ಲಿ ಹೂಗಿಡದ ಬೀಜವೂ ಇತ್ತು ಎಂಬುದನ್ನು ಓದಿದಾಗಲೆಲ್ಲ ನನಗೆ ಶ್ರೀರಂಗಪಟ್ಟಣದ ಕಾವೇರಿ ದಂಡೆಯ ತೋಟಗಳು ಕಣ್ಣಿಗೆ ಕಟ್ಟುತ್ತವೆ.

ಪ್ಯಾರಿಸ್ ಇವರನ್ನು ನೋಡಲು ಬೀದಿಗೆ ಬಿತ್ತು. ಇವರ ಉಡುಗೆ, ಇವರ ಪೇಟ, ಇವರ ನಡಿಗೆ ಎಲ್ಲವೂ ಸುದ್ದಿ. ಸೆವ್ರ್ ಎಂಬಲ್ಲಿನ ಪಿಂಗಾಣಿ ಕಾರ್ಖಾನೆಯ ಚಿತ್ರಗಾರ ಅಸೆಲಿನ್ ಇವರು ಸೇಂಟ್ ಕ್ಲೂ ಉದ್ಯಾನದಲ್ಲಿ ಅಡ್ಡಾಡುವುದನ್ನೂ ಸುತ್ತ ನೆರೆದ ಜನರನ್ನೂ ಬಣ್ಣದಲ್ಲಿ ಹಿಡಿದಿಟ್ಟ. 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯ ಹರ್ಕ್ಯುಲಿಸ್ ಸಭಾಂಗಣದಲ್ಲಿ ಹದಿನಾರನೇ ಲೂಯಿ ಇವರಿಗೆ ದರ್ಶನ ಕೊಟ್ಟ. ಮರ್ಯಾದೆಗೆ ಕೊರತೆಯಿರಲಿಲ್ಲ, ಬೊಕ್ಕಸದಲ್ಲಿ ಮಾತ್ರ ಕಾಸಿರಲಿಲ್ಲ. ದರ್ಬಾರು ನಡೆದ ಆರೇ ದಿನಕ್ಕೆ, ಆಗಸ್ಟ್ 16ರಂದು, ಫ್ರಾನ್ಸಿನ ಸರ್ಕಾರ ತನ್ನ ಸಾಲದ ಬಾಬ್ತು ಹಣ ಪಾವತಿಸುವುದನ್ನೇ ನಿಲ್ಲಿಸಿತು. ಅಂಥ ದೊರೆ ಸಾವಿರಾರು ಮೈಲಿ ಆಚೆಗೆ ಸೈನ್ಯ ಕಳಿಸುವುದೆಲ್ಲಿ ಬಂತು? ವಕೀಲರಿಗೆ ಸಿಕ್ಕಿದ್ದು ಸೆವ್ರ್ ಪಿಂಗಾಣಿಯ ಉಡುಗೊರೆ, ಒಂದಷ್ಟು ಕುಶಲಕರ್ಮಿಗಳು ಮತ್ತು ಸಿಹಿ ಮಾತು.

ಇನ್ನು ಆ ಚಿತ್ರಕಾರ್ತಿಯ ಮಾತು. ಲೆಬ್ರನ್ ಹುಟ್ಟಿದ್ದು 1755ರ ಏಪ್ರಿಲ್ 16ರಂದು, ಪ್ಯಾರಿಸ್ಸಿನಲ್ಲಿ. ತಂದೆ ಲೂಯಿ ವಿಜೆ ಬಣ್ಣದ ಕಡ್ಡಿಗಳಲ್ಲಿ ಭಾವಚಿತ್ರ ಬರೆಯುತ್ತಿದ್ದವನು. ಮಗಳಿಗೆ ಹನ್ನೆರಡು ತುಂಬಿದಾಗ ಅವನು ತೀರಿಕೊಂಡ. ಹದಿಹರೆಯದಲ್ಲೇ ಅವಳ ಕುಂಚ ಮನೆಯ ಖರ್ಚು ತೂಗಿಸಲು ಶುರುಮಾಡಿತು. 1776ರಲ್ಲಿ ಚಿತ್ರ ವ್ಯಾಪಾರಿ ಲೆಬ್ರನ್ ಎಂಬುವನೊಡನೆ ಮದುವೆ, 1778ರಲ್ಲಿ ರಾಣಿ ಮೇರಿ ಅಂತ್ವಾನೆತ್ ಎದುರು ಕೂತು ಅವಳ ಚಿತ್ರ. ಹೆಂಗಸರಿಗೆ ನಾಲ್ಕೇ ಸ್ಥಾನ ಮೀಸಲಿಟ್ಟಿದ್ದ ರಾಜಮನೆತನದ ಕಲಾ ಅಕಾಡೆಮಿಗೆ 1783ರಲ್ಲಿ ಸದಸ್ಯೆಯಾದಳು. ಗಂಡ ವ್ಯಾಪಾರಿ ಎಂಬ ಕಾರಣಕ್ಕೆ ಅಕಾಡೆಮಿ ತಕರಾರು ತೆಗೆದಿತ್ತು. ದೊರೆಯ ಮಾತು ಬಿದ್ದ ಮೇಲೆ ಬಾಗಿಲು ತೆರೆಯಿತು.

ಅದೇ ವರ್ಷ ಅವಳ ಒಂದು ಚಿತ್ರ ಗದ್ದಲ ಎಬ್ಬಿಸಿತು. ರಾಣಿಯನ್ನು ಜರಿ ರೇಷ್ಮೆಯಲ್ಲಿ ತೋರಿಸದೆ ಬಿಳಿಯ ಮಸ್ಲಿನ್ ಅಂಗಿ ಮತ್ತು ಹುಲ್ಲಿನ ಟೋಪಿಯಲ್ಲಿ ತೋರಿಸಿದ್ದಳು. ರಾಣಿ ಒಳ ಉಡುಪಿನಲ್ಲಿ ಕಾಣಿಸಿಕೊಂಡಳೆಂದು ಜನ ಕೂಗಿದರು, ಲಿಯಾನಿನ ರೇಷ್ಮೆ ನೇಕಾರರ ಅನ್ನ ಕಿತ್ತು ಪರದೇಶದ ಬಟ್ಟೆ ಉಟ್ಟಳೆಂದೂ ಕೂಗಿದರು. ಚಿತ್ರವನ್ನು ಪ್ರದರ್ಶನದಿಂದ ತೆಗೆಸಿ, ನೀಲಿ ರೇಷ್ಮೆ ಉಟ್ಟ ರಾಣಿಯನ್ನು ಬರೆದು ಅದರ ಜಾಗದಲ್ಲಿ ಇಡಬೇಕಾಯಿತು. ಆ ಪರದೇಶದ ಬಟ್ಟೆ ನಮ್ಮದು. ಮಸ್ಲಿನ್ ಎಂದರೆ ಆಗ ಭಾರತದ ಹತ್ತಿ, ಭಾರತದ ಮಗ್ಗ. ಐದು ವರ್ಷದ ಮೇಲೆ ದರ್ವೇಶ್ ಖಾನ್ ಅವಳೆದುರು ಬಂದು ನಿಂತಾಗ ಅವನ ಮೈಮೇಲೆ ಅದೇ ಬಿಳಿಯ ಬಟ್ಟೆ. ರಾಣಿಯನ್ನು ಬೀದಿಯ ಬಾಯಿಗೆ ಹಾಕಿದ ಬಟ್ಟೆ ಈ ವಕೀಲನಿಗೆ ರಾಜಠೀವಿ ಕೊಟ್ಟಿತು. ಲೆಬ್ರನ್‌ಗೆ ಮಲ್‌ಮಲ್ ಬರೆಯುವ ಕೈ ಆ ವೇಳೆಗೆ ಪಳಗಿತ್ತು ಎಂಬುದು ಚಿತ್ರ ನೋಡಿದವರಿಗೆ ತಿಳಿಯುತ್ತದೆ. ಬಟ್ಟೆಯ ಒಂದೊಂದು ನಿರಿಗೆಯಲ್ಲೂ ಬೆಳಕು ನಿಂತಿದೆ.

ಚಿತ್ರ ಹೇಗೆ ಆಯಿತು ಎಂಬುದನ್ನು ಅವಳೇ ತನ್ನ ನೆನಪಿನ ಪುಸ್ತಕದಲ್ಲಿ ಬರೆದಿದ್ದಾಳೆ. ಆ ಪುಸ್ತಕ ಬಂದದ್ದು ಮುದಿತನದಲ್ಲಿ, 1835ರಿಂದ 1837ರ ನಡುವೆ. ವಕೀಲರನ್ನು ಅವಳು ಮೊದಲು ಕಂಡದ್ದು ಪ್ಯಾರಿಸ್ಸಿನ ಒಪೆರಾ ನಾಟಕಶಾಲೆಯಲ್ಲಿ. ಕಂಡ ಕೂಡಲೇ ಬರೆಯಬೇಕು ಎನಿಸಿತು, ದುಭಾಷಿಯ ಮೂಲಕ ಕೇಳಿಸಿದಳು. ಬಂದ ಉತ್ತರ: ನಿಮ್ಮ ದೊರೆ ಕೇಳಿದರೆ ಕೂರುತ್ತೇವೆ, ಇಲ್ಲವಾದರೆ ಇಲ್ಲ.

ಈ ಉತ್ತರದ ಮೇಲೆ ನಾನು ಬಹಳ ಹೊತ್ತು ನಿಂತಿದ್ದೇನೆ. ಪ್ಯಾರಿಸ್ಸಿನ ಶ್ರೀಮಂತರು ಲೆಬ್ರನ್‌ಳಿಂದ ಚಿತ್ರ ಬರೆಸಿಕೊಳ್ಳಲು ಸರದಿ ಕಾಯುತ್ತಿದ್ದ ಕಾಲ ಅದು. ಶ್ರೀರಂಗಪಟ್ಟಣದ ವಕೀಲ ಅವಳಿಗೆ ಬೇಡ ಎಂದ. ತಾನು ಒಬ್ಬ ಸುಲ್ತಾನನ ಪ್ರತಿನಿಧಿ, ತನ್ನನ್ನು ಕೇಳಬೇಕಾದವನು ಇನ್ನೊಬ್ಬ ದೊರೆ ಎಂಬುದು ಅವನ ನಿಲುವು. ಅವಳು ದೊರೆಯ ಕೋರಿಕೆಯನ್ನೇ ಹೊರಡಿಸಿ ತಂದಳು. ಆಮೇಲೆ ಅವನು ನಿಂತ.

ಅವರ ಬಿಡಾರಕ್ಕೆ ಹೋದಾಗ ಕೈಗೆ ಪನ್ನೀರು ಹಾಕಿ ಬರಮಾಡಿಕೊಂಡರಂತೆ. ನಮ್ಮ ಮದುವೆ ಮನೆಗಳ ಬಾಗಿಲಲ್ಲಿ ಪನ್ನೀರುದಾನಿ ಹಿಡಿದು ನಿಲ್ಲುವ ಹುಡುಗಿಯರನ್ನು ಬಲ್ಲವರಿಗೆ ಇದರಲ್ಲಿ ವಿಚಿತ್ರವೇನೂ ಇಲ್ಲ. ದರ್ವೇಶ್ ಖಾನನದು ಮುಗಿದ ಮೇಲೆ ಉಸ್ಮಾನ್ ಖಾನನನ್ನು ಅವನ ಮಗನೊಂದಿಗೆ ಇನ್ನೊಂದು ಚಿತ್ರದಲ್ಲಿ ಕೂರಿಸಿದಳು. ಒಂದು ದಿನ ಅವಳಿಗೂ ಅವಳ ಗೆಳತಿಗೂ ಊಟಕ್ಕೆ ಕರೆ ಬಂತು. ನೆಲದ ಮೇಲೆ ಕೂರಿಸಿ, ಕುರಿಯ ಕಾಲು ಹಾಕಿ ಮಾಡಿದ ಖಾರದ ಅಡುಗೆಯನ್ನು ಕೈಯಾರೆ ಬಡಿಸಿದರು. ನಮ್ಮ ಕಡೆ ನೆಂಟರಿಗೆ ಕಾಲು ಸಾರು ಮಾಡಿ ಬಡಿಸುವುದು ದೊಡ್ಡ ಉಪಚಾರ. ಬಡಿಸುವವರು ಇನ್ನೊಂದಿಷ್ಟು ಎಂದು ಒತ್ತಾಯ ಮಾಡಿ ಹಾಕಿದಷ್ಟೂ ಪ್ರೀತಿ ಹೆಚ್ಚು. ಲೆಬ್ರನ್‌ಗೆ ಮಾತ್ರ ಆ ಕಂದು ಕೈಗಳು ಚಮಚದ ಕೆಲಸ ಮಾಡುವುದನ್ನು ಕಂಡು ಹೇಸಿಗೆಯಾಯಿತು, ಊಟ ಸೇರಲಿಲ್ಲ. ಹಾಗೆಂದು ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ.

ಕೊನೆಯ ಪ್ರಸಂಗ ಎಲ್ಲರೂ ಮೆಲುಕು ಹಾಕುವಂಥದ್ದು. ಚಿತ್ರ ಮುಗಿದು ಅವಳು ಕೇಳಿದಾಗ ದರ್ವೇಶ್ ಖಾನ್ ಕೊಡಲಿಲ್ಲ. ಮಂಚದ ಹಿಂದೆ ಬಚ್ಚಿಟ್ಟು, ಇದಕ್ಕಿನ್ನೂ ಆತ್ಮ ಬೇಕು ಎಂದನಂತೆ. ಅವನ ಆಳೊಬ್ಬನನ್ನು ಒಳಗೆ ಹಾಕಿಕೊಂಡು ಅವಳು ಚಿತ್ರ ಹೊರಗೆ ತರಿಸಿದಳು. ಸಿಟ್ಟಿಗೆದ್ದ ಖಾನ್ ಆ ಆಳನ್ನು ಕೊಲ್ಲುತ್ತೇನೆಂದು ಎದ್ದ. ಪ್ಯಾರಿಸ್ಸಿನಲ್ಲಿ ಹಾಗೆಲ್ಲ ಆಳುಗಳನ್ನು ಕೊಲ್ಲುವಂತಿಲ್ಲ ಎಂದು ದುಭಾಷಿ ತಿಳಿಹೇಳಿ, ಚಿತ್ರ ಬೇಕೆಂದದ್ದು ದೊರೆಯೇ ಎಂದು ಸಮಾಧಾನ ಮಾಡಿದ.

ಪ್ಯಾರಿಸ್ಸಿನ ಜನ ಇದನ್ನು ಪೂರ್ವದೇಶದವನ ಮುಗ್ಧತೆ ಎಂದು ಓದಿ ನಕ್ಕರು. ನನಗೆ ಹಾಗೆ ಕಾಣುವುದಿಲ್ಲ. ಜೀವಿಗಳ ರೂಪ ಬರೆದವನನ್ನು ಕಡೆಯ ದಿನದಂದು ‘ನೀನು ಮಾಡಿದ್ದಕ್ಕೆ ಈಗ ಜೀವ ತುಂಬು’ ಎಂದು ಕೇಳಲಾಗುತ್ತದೆ, ಅದು ಅವನಿಂದ ಆಗುವುದಿಲ್ಲ ಎಂಬ ಮಾತು ಹದೀಸ್‌ಗಳಲ್ಲಿದೆ. ಓದುಬರಹ ಬಲ್ಲ, ದೊರೆಗಳ ಸಭೆಯಲ್ಲಿ ಮಾತಾಡಬಲ್ಲ ಆ ಮನುಷ್ಯ ಆತ್ಮದ ಮಾತೆತ್ತಿದ್ದರೆ ಅದರ ಹಿಂದೆ ಒಂದು ಪರಂಪರೆಯ ಚಿಂತೆಯಿತ್ತು. ನಮ್ಮ ಶಿಲ್ಪಿಗಳೂ ವಿಗ್ರಹಕ್ಕೆ ಕಣ್ಣು ಬಿಡಿಸುವುದನ್ನು ಕಡೆಗೆ ಇಟ್ಟುಕೊಳ್ಳುತ್ತಾರೆ, ಪ್ರಾಣಪ್ರತಿಷ್ಠೆಯಾಗುವ ತನಕ ಅದು ಕಲ್ಲೇ. ರೂಪಕ್ಕೂ ಜೀವಕ್ಕೂ ನಡುವೆ ಏನೋ ಒಂದು ಆಗಬೇಕು ಎಂಬುದು ಈ ನೆಲದ ಹಲವು ಧರ್ಮಗಳವರಿಗೆ ಹೊಸ ಮಾತಲ್ಲ. ಲೆಬ್ರನ್‌ಗೆ ಅದನ್ನು ವಿವರಿಸುವವರು ಇರಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಅವಳ ಲೇಖನಿ ಹೇಸುತ್ತದೆ, ನಗುತ್ತದೆ. ಕುಂಚ ಹೇಸುವುದಿಲ್ಲ, ನಗುವುದೂ ಇಲ್ಲ. ಚಿತ್ರದಲ್ಲಿರುವ ದರ್ವೇಶ್ ಖಾನ್ ಯಾರ ಮೋಜಿನ ವಸ್ತುವೂ ಅಲ್ಲ. ದೊರೆಗಳಿಗೆ, ಸೇನಾಪತಿಗಳಿಗೆ ಯುರೋಪು ಮೀಸಲಿಟ್ಟಿದ್ದ ಆಳೆತ್ತರದ ಭಂಗಿಯನ್ನೇ ಅವಳು ಅವನಿಗೆ ಕೊಟ್ಟಿದ್ದಾಳೆ. ಊಟದ ಮನೆಯಲ್ಲಿ ಅಸಹ್ಯಪಟ್ಟ ಅದೇ ಕಣ್ಣು ಈಸೆಲ್ಲಿನ ಮುಂದೆ ನಿಂತಾಗ ಕಂಡದ್ದನ್ನು ಕಂಡಂತೆ ಬರೆಯಿತು.

ಇದರ ಬೆಲೆ ತಿಳಿಯಬೇಕಾದರೆ ಮುಂದಿನ ನೂರು ವರ್ಷಗಳಲ್ಲಿ ಫ್ರಾನ್ಸಿನಲ್ಲಿ ಏನಾಯಿತೆಂದು ನೋಡಬೇಕು. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ದಂಡು ತಂದ. ಇಂಗ್ಲಿಷರ ಭಾರತದ ದಾರಿ ಕಡಿಯುವುದು ಅವನ ಗುರಿಗಳಲ್ಲಿ ಒಂದು. 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಅವನು ಬರೆಸಿದ ಕಾಗದ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಶ್ರೀರಂಗಪಟ್ಟಣಕ್ಕೆ ಬರಬೇಕಿದ್ದ ನೆರವು ಈಜಿಪ್ಟಿನಲ್ಲೇ ನಿಂತಿತು. ಆದರೆ ಆ ದಂಡಯಾತ್ರೆ ಫ್ರೆಂಚ್ ಚಿತ್ರಕಲೆಗೆ ಒಂದು ಹೊಸ ಹುಚ್ಚು ಹಿಡಿಸಿತು. ಮರಳುಗಾಡು, ಜನಾನಾ, ಗುಲಾಮರ ಸಂತೆ, ಒಂಟೆ, ಹುಕ್ಕಾ. ಇವನ್ನೇ ಬರೆದವರನ್ನು ಓರಿಯಂಟಲಿಸ್ಟ್ ಚಿತ್ರಕಾರರು ಎನ್ನುತ್ತಾರೆ, ನಮ್ಮಲ್ಲಿ ಪೌರಸ್ತ್ಯವಾದಿಗಳು. ಆಂಗ್ರ್ 1814ರಲ್ಲಿ ಜನಾನಾದ ಬೆತ್ತಲೆ ಹೆಣ್ಣನ್ನು ಬರೆದ, ಆದರೆ ಪೂರ್ವದ ನೆಲಕ್ಕೆ ಕಾಲಿಟ್ಟವನೇ ಅಲ್ಲ. ದೆಲಾಕ್ರ್ವಾ 1832ರಲ್ಲಿ ಮೊರಾಕ್ಕೊ, ಅಲ್ಜೀರಿಯಾ ನೋಡಿ ಬಂದು ಅಲ್ಜಿಯರ್ಸಿನ ಹೆಂಗಸರನ್ನು ಬರೆದ. ಅವನ ಬಣ್ಣಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ. ಜೆರೋಮ್ 1879ರ ಸುಮಾರಿಗೆ ಹಾವಾಡಿಸುವ ಬತ್ತಲೆ ಹುಡುಗನನ್ನು ನೀಲಿ ಹಂಚಿನ ಗೋಡೆಯ ಮುಂದೆ ನಿಲ್ಲಿಸಿದ. ಎಡ್ವರ್ಡ್ ಸೈದ್ 1978ರಲ್ಲಿ ‘ಓರಿಯಂಟಲಿಸಂ’ ಪುಸ್ತಕ ಬರೆದಾಗ ಅದರ ರಕ್ಷಾಪುಟಕ್ಕೆ ಬಂದದ್ದು ಇದೇ ಚಿತ್ರ. ಗೋಡೆಯ ಹಂಚು ಒಂದೊಂದೂ ಎಣಿಸಬಹುದಾದಷ್ಟು ಸ್ಪಷ್ಟ, ಆದರೆ ಆ ಹುಡುಗನಿಗೆ ಹೆಸರಿಲ್ಲ, ಊರಿಲ್ಲ, ನಮಗೆ ಕಾಣುವುದು ಅವನ ಬೆನ್ನು ಮಾತ್ರ.

ದರ್ವೇಶ್ ಖಾನನಿಗೂ ಆ ಹುಡುಗನಿಗೂ ಇರುವ ಅಂತರ ಕಲಾವಿದರ ಒಳ್ಳೆತನದಿಂದ ಬಂದದ್ದಲ್ಲ. ಕೈಯಿಂದ ಬಡಿಸಿದ ಅನ್ನಕ್ಕೆ ಹೇಸಿದ ಲೆಬ್ರನ್ ಜೆರೋಮನಿಗಿಂತ ಉದಾರಿ ಎಂದು ನಾನು ಹೇಳಲಾರೆ. ಅಂತರ ಇರುವುದು ಚಿತ್ರಕ್ಕೆ ಕೂತವರಲ್ಲಿ. ವಕೀಲ ಬೇಡ ಎನ್ನಬಲ್ಲವನಾಗಿದ್ದ. ಅವನ ಹಿಂದೆ ಒಂದು ರಾಜ್ಯವಿತ್ತು, ಕೋಟೆಯಿತ್ತು, ಫಿರಂಗಿಯಿತ್ತು. ಬೇಡ ಎನ್ನಬಲ್ಲವನನ್ನು ಬರೆಯುವಾಗ ಕುಂಚ ತಾನಾಗಿ ಮರ್ಯಾದೆ ಕಲಿಯುತ್ತದೆ. ಗೆದ್ದ ಊರಿನ ಹೆಸರಿಲ್ಲದ ಹುಡುಗನಿಗೆ ಆ ಹಕ್ಕು ಇಲ್ಲ, ಅವನನ್ನು ಹೇಗೆ ಬೇಕಾದರೂ ನಿಲ್ಲಿಸಬಹುದು.

ನಮ್ಮ ಊರಿಗೇ ಇದು ಹೇಗೆ ತಟ್ಟಿತು ನೋಡಿ. 1799ರ ಮೇ 4ರಂದು ಇಂಗ್ಲಿಷರ ಕೈಗೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಮರುವರ್ಷವೇ ಲಂಡನ್ನಿನಲ್ಲಿ ರಾಬರ್ಟ್ ಕರ್ ಪೋರ್ಟರ್ ಎಂಬ ಇಪ್ಪತ್ತರ ಹರೆಯದ ಹುಡುಗ ಕೋಟೆ ಮುರಿದ ದೃಶ್ಯವನ್ನು ನೂರಡಿಗೂ ಉದ್ದದ ಬಟ್ಟೆಯ ಮೇಲೆ ಆರೇ ವಾರದಲ್ಲಿ ಬರೆದು ಮುಗಿಸಿದ. ಕಾವೇರಿಯನ್ನು ಅವನು ಕಂಡಿರಲೇ ಇಲ್ಲ. ಜನ ದುಡ್ಡು ಕೊಟ್ಟು ನೋಡಿದರು. 1839ರಲ್ಲಿ ಡೇವಿಡ್ ವಿಲ್ಕಿ ಟಿಪ್ಪುವಿನ ಹೆಣದ ಎದುರು ಇಂಗ್ಲಿಷರ ಜನರಲ್ ಬೇರ್ಡ್ ನಿಂತಿರುವುದನ್ನು ಬರೆದ. ಬರೆಸಿದವಳು ಬೇರ್ಡನ ವಿಧವೆ. ವಿಲ್ಕಿಯೂ ಭಾರತ ನೋಡಿದವನಲ್ಲ. ಪಟ್ಟಣ ಬೀಳುವುದಕ್ಕೆ ಹನ್ನೊಂದು ವರ್ಷ ಮೊದಲು ತನ್ನ ವಕೀಲನ ಚಿತ್ರಕ್ಕೆ ದೊರೆಯ ಕೋರಿಕೆ ಬೇಕು ಎನಿಸಿಕೊಂಡಿದ್ದ ರಾಜ್ಯದ ಒಡೆಯ ಈಗ ಸತ್ತು ಬಿದ್ದಿದ್ದ, ಅವನನ್ನು ಯಾರೂ ಏನೂ ಕೇಳಬೇಕಾಗಿರಲಿಲ್ಲ.

ಫ್ರೆಂಚರು ನಮ್ಮವರನ್ನು ಬರೆದ ಮಾತಾಯಿತು. ನಮ್ಮವರು ಫ್ರೆಂಚರನ್ನು ಬರೆದದ್ದೂ ಉಂಟು, ಅದಕ್ಕೆ ಪ್ಯಾರಿಸ್ಸಿಗೆ ಹೋಗಬೇಕಿಲ್ಲ. ಶ್ರೀರಂಗಪಟ್ಟಣದ ಕೋಟೆ ದಾಟಿ ಗಂಜಾಮಿನ ದಾರಿ ಹಿಡಿದರೆ ಸಿಗುವ ದರಿಯಾ ದೌಲತ್ ತೇಗದ ಮರದಲ್ಲಿ 1784ರಲ್ಲಿ ಎದ್ದ ಬೇಸಿಗೆ ಅರಮನೆ. ಅದರ ಪಶ್ಚಿಮದ ಗೋಡೆಯಲ್ಲಿ 1780ರ ಸೆಪ್ಟೆಂಬರ್ 10ರಂದು ಇಂಗ್ಲಿಷರು ಸೋತ ಪೊಳ್ಳಿಲೂರು ಕಾಳಗ ಹರಡಿಕೊಂಡಿದೆ. ನಡುವೆ ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷರ ಕರ್ನಲ್ ಬೇಲಿ ಬೆರಳು ಕಚ್ಚಿಕೊಂಡಿದ್ದಾನೆ. ಸುತ್ತ ಕೆಂಪು ಕೋಟಿನ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ. ಅವರ ಮದ್ದಿನ ಬಂಡಿ ಸಿಡಿದು ಹೊಗೆಯೆದ್ದಿದೆ. ಆನೆಯ ಮೇಲೆ ಹೈದರ್, ಕುದುರೆಗಳ ಸಾಲು, ರುಂಡಗಳು, ಮುಂಡಗಳು. ಇದರಲ್ಲೇ ಒಂದೆಡೆ, ದುರ್ಬೀನು ಕಣ್ಣಿಗೆ ಹಿಡಿದು ಕಾಳಗ ನೋಡುತ್ತಿರುವ ಒಬ್ಬ ಫ್ರೆಂಚ್ ದಳಪತಿ ಇದ್ದಾನೆ. ಅವನೇ ಹೈದರನ ಸೇವೆಯಲ್ಲಿದ್ದ ಲಾಲಿ. ಆ ಕಾಳಗದಲ್ಲಿ ಸೆರೆಸಿಕ್ಕಿ ನಾಲ್ಕು ವರ್ಷದ ಹತ್ತಿರ ಪಟ್ಟಣದ ಬಂದೀಖಾನೆಯಲ್ಲಿ ಕೊಳೆತವರಲ್ಲಿ ಡೇವಿಡ್ ಬೇರ್ಡನೂ ಒಬ್ಬ. ವಿಲ್ಕಿಯ ಚಿತ್ರದಲ್ಲಿ ಟಿಪ್ಪುವಿನ ಹೆಣದೆದುರು ನಿಂತವನು ಅವನೇ.

ದರಿಯಾ ದೌಲತ್‌ನ ಚಿತ್ರಗಾರರು ಲಾಲಿಯನ್ನು ಮುಂದೆ ಕೂರಿಸಿಕೊಂಡು ಬರೆದವರಲ್ಲ. ನೆರಳು ಬೆಳಕು ಬಿಟ್ಟು ರೇಖೆಯಲ್ಲೇ ಮಾತಾಡುವ ಕೈ ಅವರದು. 1610ರಲ್ಲಿ ರಾಜ ಒಡೆಯರು ಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ವಿಜಯನಗರದ ಚಿತ್ರಗಾರ ಮನೆತನಗಳು ಇಲ್ಲಿ ನೆಲೆಗೊಂಡವು, ಮೈಸೂರು ಶೈಲಿ ಎಂದು ಆಮೇಲೆ ಹೆಸರಾದ ಚಿತ್ರಕಲೆ ಬೇರು ಬಿಟ್ಟದ್ದು ಈ ನೆಲದಲ್ಲೇ. ಆ ಗೋಡೆಯಲ್ಲಿ ಯಾರ ಸಹಿಯೂ ಇಲ್ಲ. ಅವರ ಕಣ್ಣಿಗೆ ಫ್ರೆಂಚನ ಗುರುತು ಎಂದರೆ ಟೋಪಿ, ಬಿಗಿಯಾದ ಉಡುಪು ಮತ್ತು ಕಣ್ಣಿಗೆ ಹಚ್ಚಿದ ಆ ಕೊಳವೆ. ಎಲ್ಲರೂ ಕತ್ತಿ ಬೀಸುವಾಗ ದೂರ ನಿಂತು ನೋಡುವವನು. ಇಷ್ಟು ಕಡಿಮೆ ಗೆರೆಯಲ್ಲಿ ಇಷ್ಟು ನಿಖರವಾಗಿ ಒಂದು ನಂಟನ್ನು ಹೇಳಿದ ಇನ್ನೊಂದು ಚಿತ್ರವನ್ನು ನಾನು ಕಂಡಿಲ್ಲ. ಆ ಕಾಳಗ ನಡೆದ ಮೂರೇ ವರ್ಷದಲ್ಲಿ ಮಂಗಳೂರಿನ ಮುತ್ತಿಗೆಯಲ್ಲಿ ಫ್ರೆಂಚ್ ಪಡೆ ನಿಜಕ್ಕೂ ದೂರ ಸರಿದು ನಿಂತಿತಲ್ಲ!

ಆ ಗೋಡೆ ಉಳಿದದ್ದೇ ಹೆಚ್ಚು. ಟಿಪ್ಪುವಿನ ಕಾಲದಲ್ಲೇ ಅದಕ್ಕೆ ಸುಣ್ಣ ಬಳಿದಿತ್ತು. ಪಟ್ಟಣ ಬಿದ್ದ ಮೇಲೆ ದರಿಯಾ ದೌಲತ್‌ನಲ್ಲಿ ವಾಸವಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಚಿತ್ರಗಳನ್ನು ಮತ್ತೆ ಬರೆಸಿದ. ಅವೂ ಮಾಸಿದಾಗ 1855ರಲ್ಲಿ ಇಲ್ಲಿಗೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿ ಹಳೆಯ ಚಿತ್ರಗಳ ನೆನಪಿದ್ದ ಇಲ್ಲಿನವನೇ ಒಬ್ಬ ಚಿತ್ರಗಾರನಿಂದ ಮತ್ತೊಮ್ಮೆ ಬರೆಸಿದ. ನಾವು ಇಂದು ನೋಡುವುದು ಒಂದರ ಮೇಲೊಂದು ಕೈಯಾಡಿದ ಗೋಡೆ. ಇಂಗ್ಲಿಷರು ತಾವು ಸೋತ ಕಾಳಗದ ಚಿತ್ರವನ್ನು ಎರಡು ಸಲ ಖರ್ಚು ಹಾಕಿ ಉಳಿಸಿದರು ಎಂಬುದನ್ನು ನಾವು ಒಪ್ಪಿಕೊಳ್ಳಬೇಕು.

ವಕೀಲರು 1788ರ ಕೊನೆಯಲ್ಲಿ ಬ್ರೆಸ್ಟ್ ಬಂದರಿನಿಂದ ಹೊರಟು ಮರುವರ್ಷ ಪಟ್ಟಣಕ್ಕೆ ಮರಳಿದರು. ಒಪ್ಪಂದ ತರಲಿಲ್ಲ. ದರ್ವೇಶ್ ಖಾನನ ಚಿತ್ರ ಪ್ಯಾರಿಸ್ಸಿನಲ್ಲೇ ಉಳಿದು 1789ರ ಸಲಾನ್ ಪ್ರದರ್ಶನದಲ್ಲಿ ತೂಗಿತು. ಬಾಸ್ತಿಯ ಸೆರೆಮನೆಯನ್ನು ಜನ ಕೆಡವಿ ಆಗಿನ್ನೂ ಒಂದು ತಿಂಗಳ ಮೇಲೆ ಚಿಲ್ಲರೆ ದಿನ. ಅಕ್ಟೋಬರ್ ಮೊದಲ ವಾರದಲ್ಲಿ ದೊರೆ ರಾಣಿಯರನ್ನು ಜನರ ಗುಂಪು ವರ್ಸೇಲ್ಸಿನಿಂದ ಎಳೆದು ತಂದ ರಾತ್ರಿ, ಲೆಬ್ರನ್ ಕೂಲಿ ಹೆಂಗಸಿನ ವೇಷ ತೊಟ್ಟು ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಸಾರ್ವಜನಿಕ ಕುದುರೆಗಾಡಿಯಲ್ಲಿ ಊರು ಬಿಟ್ಟಳು. ಹನ್ನೆರಡು ವರ್ಷದ ಅಲೆದಾಟ. ಇಟಲಿ, ವಿಯೆನ್ನಾ, ರಷ್ಯಾ. ಹೋದಲ್ಲೆಲ್ಲ ಕು‌ಂಚವೇ ಅನ್ನ ಕೊಟ್ಟಿತು, ಅರಮನೆಗಳ ಬಾಗಿಲನ್ನೂ ತೆರೆಯಿತು. ಇನ್ನೂರಕ್ಕೂ ಹೆಚ್ಚು ಕಲಾವಿದರು ಸಹಿ ಮಾಡಿ ಅವಳ ಹೆಸರನ್ನು ದೇಶ ಬಿಟ್ಟವರ ಪಟ್ಟಿಯಿಂದ ತೆಗೆಸಿದ ಮೇಲೆ 1802ರಲ್ಲಿ ಪ್ಯಾರಿಸ್ಸಿಗೆ ಮರಳಿದಳು. ತೀರಿಕೊಂಡದ್ದು 1842ರ ಮಾರ್ಚ್ 30ರಂದು, ಎಂಬತ್ತಾರರಲ್ಲಿ. ಅವಳದೇ ಲೆಕ್ಕದಂತೆ ಬರೆದದ್ದು ಆರುನೂರಕ್ಕೂ ಮೇಲ್ಪಟ್ಟು ಭಾವಚಿತ್ರ, ಇನ್ನೂರರಷ್ಟು ನಿಸರ್ಗಚಿತ್ರ.

ದೊರೆಯ ಕಥೆ ಬೇಗ ಮುಗಿಯಿತು. ಶ್ರೀರಂಗಪಟ್ಟಣದ ವಕೀಲರಿಗೆ ದರ್ಶನ ಕೊಟ್ಟ ದಿನಕ್ಕೆ ಸರಿಯಾಗಿ ನಾಲ್ಕು ವರ್ಷಕ್ಕೆ, 1792ರ ಆಗಸ್ಟ್ 10ರಂದು, ಪ್ಯಾರಿಸ್ಸಿನ ಜನ ಅರಮನೆಗೆ ನುಗ್ಗಿ ಅವನ ಆಳ್ವಿಕೆಯನ್ನು ಕೊನೆಗಾಣಿಸಿದರು. ಮರುವರ್ಷ ಜನವರಿಯಲ್ಲಿ ಅವನ ತಲೆ ಉರುಳಿತು, ಅಕ್ಟೋಬರಿನಲ್ಲಿ ರಾಣಿಯದು.

2019ರ ಜನವರಿ 30ರಂದು ದರ್ವೇಶ್ ಖಾನನ ಚಿತ್ರ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂತು. ಸುಮಾರು 72 ಲಕ್ಷ ಡಾಲರಿಗೆ ಹೋಯಿತು, ನಮ್ಮ ಲೆಕ್ಕದಲ್ಲಿ 50 ಕೋಟಿ ರೂಪಾಯಿಯ ಆಜುಬಾಜು. ಆಧುನಿಕ ಯುಗಕ್ಕೆ ಮುಂಚಿನ ಯಾವ ಚಿತ್ರಕಾರ್ತಿಯ ಕೃತಿಗೂ ಹರಾಜಿನಲ್ಲಿ ಅಷ್ಟು ಬೆಲೆ ಬಂದಿರಲಿಲ್ಲ. ಪತ್ರಿಕೆಗಳು ಹೆಣ್ಣೊಬ್ಬಳ ಕುಂಚಕ್ಕೆ ಸಿಕ್ಕ ಗೌರವದ ಬಗ್ಗೆ ಬರೆದವು, ಬರೆಯಬೇಕಾದದ್ದೇ. ಚಿತ್ರದಲ್ಲಿ ನಿಂತವನ ಊರಿನ ಬಗ್ಗೆ ಬರೆಯುವುದು ನಮ್ಮ ಕೆಲಸ.

ಆ ಮೂಲಚಿತ್ರವನ್ನು ಕೊಂಡು ತರುವ ಮಾತನ್ನು ನಾನು ಆಡುತ್ತಿಲ್ಲ. ಮೂಲದಷ್ಟೇ ಎತ್ತರದ ಒಂದು ಒಳ್ಳೆಯ ಪ್ರತಿ ಸಾಕು. ಅದನ್ನು ದರಿಯಾ ದೌಲತ್‌ನ ವಸ್ತುಸಂಗ್ರಹದಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆಯಬೇಕು: ಇವನು ಯಾರು, ಎಲ್ಲಿಂದ ಎಲ್ಲಿಗೆ ಹೋದ, ಯಾರು ಬರೆದರು, ಬರೆಯುವ ಮುಂಚೆ ಅವನು ಏನು ಷರತ್ತು ಹಾಕಿದ. ಪಾಂಡವಪುರದಲ್ಲಿ ಆ ಊರಿನ ಮೂರು ಹೆಸರನ್ನೂ ಅವುಗಳ ಕಾರಣವನ್ನೂ ಹೇಳುವ ಒಂದು ಫಲಕ ಬೇಕು. ಪುರಾತತ್ವ ಇಲಾಖೆಗೂ ನಮ್ಮ ಜಿಲ್ಲೆಯ ಪ್ರತಿನಿಧಿಗಳಿಗೂ ಇದು ನನ್ನ ವಿನಂತಿ.

ಓದುಗರಲ್ಲಿ ಇನ್ನೊಂದು ಮಾತು. ಕೆ.ಆರ್. ಪೇಟೆಯಿಂದಲೋ ನಾಗಮಂಗಲದಿಂದಲೋ ಮಕ್ಕಳನ್ನು ಕರೆದುಕೊಂಡು ಪಟ್ಟಣಕ್ಕೆ ಹೋದಾಗ ರಂಗನಾಥನ ದರ್ಶನ ಮುಗಿಸಿ, ಸಂಗಮಕ್ಕೆ ಹೊರಡುವ ಮೊದಲು ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಮುಂದೆ ಅರ್ಧ ಗಂಟೆ ನಿಲ್ಲಿ. ದುರ್ಬೀನು ಹಿಡಿದ ಆ ಫ್ರೆಂಚನನ್ನು ಹುಡುಕಲು ಮಕ್ಕಳಿಗೆ ಹೇಳಿ. ಅವನು ಸಿಕ್ಕ ಮೇಲೆ, ಇಲ್ಲಿಂದ ಅಲ್ಲಿಗೆ ಹೋದ ವಕೀಲನ ಕಥೆ ಹೇಳಿ.